40 ಸಾವಿರದೊಳಗೆ ಮನೆಗೊಂದು ಕ್ಯಾಮೆರಾ: ಯಾವುದು ತಗೊಳ್ಳಬಹುದು?

ಪ್ರಶ್ನೆ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹಬ್ಬ, ಶಾಲೆಯ ವಾರ್ಷಿಕೋತ್ಸವ, ಪ್ರವಾಸ, ತೋಟದ ಹೂವು, ಇಷ್ಟಕ್ಕೆ ಕ್ಯಾಮೆರಾ ಬೇಕು. ರಾತ್ರಿ ಮನೆಯೊಳಗೆ ಮೊಬೈಲಿನಲ್ಲಿ ತೆಗೆದರೆ ಓಡುವ ಮಕ್ಕಳ ಮುಖ ಕಲಸಿಹೋಗುತ್ತದೆ. ಕಾರ್ಡು, ಬ್ಯಾಗು ಎಲ್ಲ ಸೇರಿ 40 ಸಾವಿರ. ಊರು ತೀರ್ಥಹಳ್ಳಿ ಕಡೆ. ಆನ್‌ಲೈನಿನಲ್ಲಿ 6 ಸಾವಿರಕ್ಕೇ 48 ಮೆಗಾಪಿಕ್ಸೆಲ್, 4ಕೆ ಅಂತ ತೋರಿಸುತ್ತಿದೆ. ಅದು ಸಾಕಾಗುವುದಿಲ್ಲವೇ? ತಿಳಿದವರು ಹೇಳಿ.

ಉತ್ತರ: ಆ 6 ಸಾವಿರದ್ದನ್ನು ದಯವಿಟ್ಟು ತಗೋಬೇಡಿ. ಒಳಗಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ನಿಜವಾಗಿ ಕೊಡುವ ಮೆಗಾಪಿಕ್ಸೆಲ್ ಕಡಿಮೆ. ಚಿತ್ರವನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ 48 ಅಂತ ಬರೆದಿರುತ್ತಾರೆ. ನಿಮ್ಮ ಮೊಬೈಲೇ ಅದಕ್ಕಿಂತ ಚೆನ್ನಾಗಿರುತ್ತದೆ. ನೋಡಬೇಕಾದದ್ದು ಸೆನ್ಸರಿನ ಅಳತೆ. ಅಗ್ಗದ ಕಾಂಪ್ಯಾಕ್ಟುಗಳಲ್ಲೂ ಉದ್ದ ಝೂಮಿನ ಕ್ಯಾಮೆರಾಗಳಲ್ಲೂ ಇರುವುದು ಸುಮಾರು 6.2×4.6 ಮಿ.ಮೀ. ಒಂದಿಂಚಿನದು ಎನ್ನುವ ಸೆನ್ಸರ್ 13.2×8.8. ಲೆನ್ಸು ಬದಲಿಸುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಎಪಿಎಸ್-ಸಿ ಎಂಬ ಸೆನ್ಸರ್ ಸುಮಾರು 23×15. ವಿಸ್ತಾರ ಹೆಚ್ಚಿದಷ್ಟೂ ಬೆಳಕು ಹೆಚ್ಚು ಹಿಡಿಯುತ್ತದೆ, ರಾತ್ರಿಯ ಚಿತ್ರದಲ್ಲಿ ಕಾಳುಕಾಳು ಕಡಿಮೆಯಾಗುತ್ತದೆ. ಮೆಗಾಪಿಕ್ಸೆಲ್ 24 ಇದ್ದರೆ ಧಾರಾಳ ಆಯಿತು: 6000×4000 ಚುಕ್ಕೆಗಳಲ್ಲಿ 12×18 ಇಂಚಿನ ಆಲ್ಬಮ್ ಹಾಳೆ ಚೊಕ್ಕವಾಗಿ ಪ್ರಿಂಟ್ ಆಗುತ್ತದೆ.

ಉತ್ತರ: ಈ ಬಜೆಟ್ಟಿಗೆ ನನ್ನ ಸಲಹೆ ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಅಥವಾ ನಿಕಾನ್ ಡಿ5600. ಎರಡೂ ಎಪಿಎಸ್-ಸಿ, ಎರಡೂ 24 ಮೆಗಾಪಿಕ್ಸೆಲ್. ಆಯ್ಕೆ ನೀವು ಹೇಗೆ ಹಿಡಿಯುತ್ತೀರಿ ಅನ್ನುವುದರ ಮೇಲಿದೆ. ಮೊಬೈಲಿನ ಹಾಗೆ ಹಿಂದಿನ ಪರದೆ ನೋಡಿಕೊಂಡೇ ತೆಗೆಯುವವರಿಗೆ 200ಡಿ. ಅದರ ಡ್ಯುಯಲ್ ಪಿಕ್ಸೆಲ್ ಫೋಕಸ್ ಪರದೆಯಲ್ಲೂ ಚುರುಕು. ಕಣ್ಣಿಗೆ ಹಚ್ಚಿ ತೆಗೆಯುವವರಿಗೆ ಡಿ5600. ಅದರ ವ್ಯೂಫೈಂಡರಿನಲ್ಲಿ 39 ಫೋಕಸ್ ಬಿಂದುಗಳಿವೆ, 200ಡಿಯಲ್ಲಿ 9 ಮಾತ್ರ. ಆದರೆ ಡಿ5600ರಲ್ಲಿ ಪರದೆ ನೋಡಿ ತೆಗೆಯಹೋದರೆ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ, ಅಷ್ಟರಲ್ಲಿ ಮಗು ಜಾಗ ಬಿಟ್ಟಿರುತ್ತದೆ.

ಬಾಡಿಗಿಂತ (ಲೆನ್ಸಿಲ್ಲದ ಬರೀ ಕ್ಯಾಮೆರಾ) ಮುಖ್ಯ ಲೆನ್ಸು. ಜೊತೆಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸಿನ ಬಾಯಿ ಝೂಮ್ ಮಾಡಿದಾಗ ಎಫ್/5.6ಕ್ಕೆ ಕಿರಿದಾಗುತ್ತದೆ (ಎಫ್ ಸಂಖ್ಯೆ ಸಣ್ಣದಾದಷ್ಟೂ ಬಾಯಿ ಅಗಲ). ಎಫ್/1.8ರ ಲೆನ್ಸು ಅದರ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಬಿಡುತ್ತದೆ. ಟ್ಯೂಬ್‌ಲೈಟ್ ಕೋಣೆಯಲ್ಲಿ ಕಿಟ್ ಲೆನ್ಸಿಗೆ ಶಟರ್ (ಬೆಳಕು ಬಿಡುವ ಪರದೆ) 1/20 ಸೆಕೆಂಡ್ ತೆರೆದಿರಬೇಕಾದ ಕಡೆ ಇದಕ್ಕೆ 1/200 ಸಾಕು. ಮುಖ ಕಲಸುವುದು ನಿಲ್ಲುವುದು ಇಲ್ಲಿಂದಲೇ. ನಿಕಾನಿಗೆ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಮನೆಯೊಳಗೆ ಹೇಳಿಮಾಡಿಸಿದ ಹಾಗಿದೆ. ಕ್ಯಾನನಿನ 50 ಮಿ.ಮೀ. ಎಫ್/1.8 ಎಸ್‌ಟಿಎಂ ಅಗ್ಗ, ಆದರೆ ಈ ಬಾಡಿಯಲ್ಲಿ 80 ಮಿ.ಮೀ.ನಂತೆ ಹತ್ತಿರದ, ಕಿರಿದಾದ ನೋಟ ಕಾಣುವುದರಿಂದ ಸಣ್ಣ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಸಾಲದು. ಇನ್ನೊಂದು ಎಚ್ಚರ: ಡಿ5600ರ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. 50 ಮಿ.ಮೀ. 1.8ಡಿಯಂಥ ಹಳೆಯ ಎಎಫ್ ಲೆನ್ಸು ಕಡಿಮೆಗೆ ಸಿಕ್ಕಿತೆಂದು ತಂದರೆ ಕೈಯಲ್ಲೇ ತಿರುಗಿಸಬೇಕು. ಎಎಫ್-ಎಸ್ ಅಥವಾ ಎಎಫ್-ಪಿ (ಲೆನ್ಸಿನೊಳಗೇ ಮೋಟಾರ್ ಇದೆ ಎಂಬ ಗುರುತು) ಎಂದು ಬರೆದಿದೆಯೇ ನೋಡಿ.

ಪ್ರಶ್ನೆ ಕೇಳಿದವರು: ಅಂಗಡಿಯವರು ಹೊಸ ಕ್ಯಾನನ್ 1500ಡಿ ತಗೊಳ್ಳಿ ಅನ್ನುತ್ತಿದ್ದಾರೆ. ವಾರಂಟಿ ಇರುತ್ತದಲ್ಲ?

ಉತ್ತರ: ವಾರಂಟಿ ಬೇಕೇಬೇಕು ಅಂದರೆ ತಪ್ಪಿಲ್ಲ, ಹಗಲಿನ ಚಿತ್ರ ಚೆನ್ನಾಗೇ ಬರುತ್ತದೆ. ಆದರೆ ಅದರ ಪರದೆ ಮಡಚುವುದಿಲ್ಲ, ಟಚ್ ಇಲ್ಲ, ಪರದೆಯಲ್ಲಿ ಫೋಕಸ್ ನಿಧಾನ, ಹೊರಗಿನ ಮೈಕಿಗೆ ಜಾಗವಿಲ್ಲ. ಫ್ಲಾಶ್ ಕೂರಿಸುವ ಶೂವಿನ ನಡುವಿನ ಸಂಪರ್ಕವನ್ನೂ ತೆಗೆದಿದ್ದಾರೆ. ಒಂದೇ ಪಿನ್ನಿನ ಅಗ್ಗದ ಮ್ಯಾನುಯಲ್ ಫ್ಲಾಶ್ ಅದರಲ್ಲಿ ಹೊಡೆಯುವುದೇ ಇಲ್ಲ. 200ಡಿಯ ನಂತರ ಬಂದ 200ಡಿ ಮಾರ್ಕ್ 2ರಲ್ಲೂ ಆ ಸಂಪರ್ಕ ಇಲ್ಲ.

ಉತ್ತರ: ಒಂದು ಭಿನ್ನ ಅಭಿಪ್ರಾಯ. ಬ್ಯಾಗಿನಲ್ಲೇ ಉಳಿಯುವ ಕ್ಯಾಮೆರಾಕ್ಕಿಂತ ಜೇಬಿಗೆ ಹೋಗುವುದು ಮೇಲು. ಸೋನಿ ಆರ್‌ಎಕ್ಸ್100 (2012ರದು) ಒಂದಿಂಚಿನ ಸೆನ್ಸರಿನದು, ತೂಕ ಸುಮಾರು 240 ಗ್ರಾಂ, ಝೂಮ್ ಮಾಡದಿದ್ದಾಗ ಎಫ್/1.8. ಪ್ರವಾಸಕ್ಕೆ ಇದನ್ನು ಮೀರಿಸುವುದು ಕಷ್ಟ. ಕೊರತೆಯೂ ಇದೆ: ಝೂಮ್ ಪೂರ್ತಿ ಎಳೆದರೆ ಎಫ್/4.9, ಹಾಗಾಗಿ ಶಾಲೆಯ ವೇದಿಕೆಗೆ ಆಗದು. ಮಡಚುವ ಲೆನ್ಸಿನೊಳಗೆ ಮರಳು ಸೇರಿದರೆ ರಿಪೇರಿ ದುಬಾರಿ. ಕೊಳ್ಳುವಾಗ ಹತ್ತು ಬಾರಿ ಆನ್-ಆಫ್ ಮಾಡಿ. ಲೆನ್ಸು ಕರಕರ ಸದ್ದು ಮಾಡಿದರೆ ಅಥವಾ ಒಮ್ಮೆ ತಡೆದರೂ ಬಿಟ್ಟುಬಿಡಿ.

ಉತ್ತರ: ಸೆಕೆಂಡ್ ಹ್ಯಾಂಡ್ ಪರೀಕ್ಷೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ, ಹಗಲಲ್ಲೇ ಹೋಗಿ, ಕೈಯಲ್ಲಿ ನಿಮ್ಮದೇ ಕಾರ್ಡು, ಸಣ್ಣ ಟಾರ್ಚು ಇರಲಿ.

ಮೊದಲು ಬಿಲ್ಲು, ಅದರಲ್ಲಿರುವ ಸೀರಿಯಲ್ ನಂಬರೂ ಬಾಡಿಯ ಕೆಳಗಿನದೂ ಒಂದೇ ಇರಬೇಕು. ಲೆನ್ಸು ಬಿಚ್ಚಿ, ಒಂದು ಕಡೆಯಿಂದ ಟಾರ್ಚು ಹಾಕಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗದು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಮೇಲಿನ ಲೇಪನವನ್ನು ಅದು ತಿಂದಿದ್ದರೆ ಒರೆಸಿದರೂ ಕಲೆ ಹೋಗುವುದಿಲ್ಲ. ಆಮೇಲೆ ಎಫ್/16 ಇಟ್ಟು ಬೋಳು ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ. ಮಸುಕಾದ ಕಪ್ಪು ಚುಕ್ಕೆ ಸೆನ್ಸರಿನ ಮೇಲಿನ ಧೂಳು, ಬಹುಪಾಲು ಬ್ಲೋವರಿಗೇ ಹೋಗುತ್ತದೆ.

ಶಟರ್ ಎಷ್ಟು ಬಾರಿ ಹೊಡೆದಿದೆ ಎಂಬುದು ನಿಕಾನಿನಲ್ಲಿ ಚಿತ್ರದ ಜೊತೆಗೇ ದಾಖಲಾಗಿರುತ್ತದೆ. ಒಂದು ಜೆಪೆಗ್ ಚಿತ್ರ ತಂದು ಎಕ್ಸಿಫ್ (ಚಿತ್ರದೊಳಗೆ ಅಡಗಿದ ಈ ದಾಖಲೆ) ತೋರಿಸುವ ತಾಣದಲ್ಲಿ ಹಾಕಿದರೆ ಸಾಕು. ಕ್ಯಾನನಿನ ಈ ಬಾಡಿಗಳು ಚಿತ್ರದಲ್ಲಿ ಬರೆಯುವುದಿಲ್ಲ. ಆಗ ಮೈ ನೋಡಿಯೇ ತಿಳಿಯಬೇಕು: ಫ್ಲಾಶ್ ಶೂವಿನ ಬಣ್ಣ ಉಜ್ಜಿಹೋಗಿ, ಹಿಡಿಯ ರಬ್ಬರು ನುಣುಪಾಗಿದ್ದರೆ ಮದುವೆಮನೆಗಳಲ್ಲಿ ದುಡಿದ ಬಾಡಿ ಅದು. ಈ ದರ್ಜೆಯ ಶಟರನ್ನು 1 ಲಕ್ಷ ಹೊಡೆತದ ಲೆಕ್ಕದಲ್ಲಿ ನೋಡುತ್ತಾರೆ. 30 ಸಾವಿರದೊಳಗಿದ್ದರೆ ನಿಶ್ಚಿಂತೆ. ಬ್ಯಾಟರಿ ಉಬ್ಬಿದೆಯೇ ನೋಡುವುದನ್ನು ಮರೆಯಬೇಡಿ.

ಉತ್ತರ: ತಂದ ಮೇಲೆ ಮನೆಯೊಳಗೆ ಆಟೋದಲ್ಲಿ ಬಿಡಬೇಡಿ. ಶಟರ್ ಪ್ರಯಾರಿಟಿ (ಶಟರ್ ವೇಗ ನೀವೇ ನಿಗದಿ ಮಾಡುವ ಮೋಡ್) ಇಟ್ಟು 1/200, ಐಎಸ್‌ಒ (ಬೆಳಕಿನ ಸಂವೇದನೆ) ಆಟೋ, ಮಿತಿ 6400. ಸ್ವಲ್ಪ ಕಾಳು ಬಂದರೂ ಮುಖ ಸ್ಪಷ್ಟ ಇರುತ್ತದೆ. ಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ್ದನ್ನು ಸರಿಮಾಡಲಾಗದು. ವೇದಿಕೆಯ ಎಲ್‌ಇಡಿ ಬೆಳಕಲ್ಲಿ ಚಿತ್ರದ ಮೇಲೆ ಪಟ್ಟೆ ಬಿದ್ದರೆ 1/100ಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್, ಸಾಧಾರಣ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಹಾಗಾಗಿ. ಕಾರ್ಡು 64 ಜಿಬಿ, ಯು3 (ಬರೆಯುವ ವೇಗದ ದರ್ಜೆ) ಗುರುತಿನದು ಸಾಕು. ಬಂದ ದಿನವೇ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಕಾರ್ಡು ಪರೀಕ್ಷಿಸುವ ತಂತ್ರಾಂಶ ಓಡಿಸಿ. ನಕಲಿ ಕಾರ್ಡು ಅರ್ಧ ತುಂಬಿದ ಮೇಲೆ ಹಳೆಯ ಚಿತ್ರಗಳನ್ನೇ ನುಂಗುತ್ತದೆ.

ಉತ್ತರ: ತೀರ್ಥಹಳ್ಳಿ ಅಂದಿರಿ, ಹಾಗಾಗಿ ಇದು ಬೇರೆಲ್ಲಕ್ಕಿಂತ ಮುಖ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಕ್ಯಾಮೆರಾವನ್ನು ಬಟ್ಟೆಯ ಬ್ಯಾಗಿನಲ್ಲೋ ಮರದ ಕಪಾಟಿನಲ್ಲೋ ಇಡಬೇಡಿ, ತೇವ ಹೀರಿ ಫಂಗಸ್ ಬರುತ್ತದೆ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ, ಇಷ್ಟೇ ಬೇಕಾದದ್ದು. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ; 60 ದಾಟಿದರೆ ಅಪಾಯ. ತೀರಾ 30ಕ್ಕಿಂತ ಕೆಳಗೆ ಇಳಿಸಲೂ ಬೇಡ, ರಬ್ಬರು ಒಣಗುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಪೂರ್ತಿ ಆರಿಸಿಯೇ ಡಬ್ಬಿಗೆ ಹಾಕಿ. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅದರ ಹಿಟ್ಟು ಲೆನ್ಸಿನ ಸಂದಿಗೆಲ್ಲ ಸೇರುತ್ತದೆ. ವಾರಕ್ಕೊಮ್ಮೆಯಾದರೂ ಹೊರತೆಗೆದು ಬೆಳಕಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಬಳಕೆಯಲ್ಲಿರುವ ಲೆನ್ಸಿಗೆ ಫಂಗಸ್ ಹಿಡಿಯುವುದು ಕಡಿಮೆ.