ಜ್ಯೂರಿ ಕೊಟ್ಟ ಪರಿಹಾರಕ್ಕೆ ಶಾಸನಸಭೆಯ ಬಾಗಿಲು ತಟ್ಟಬೇಕೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಫ್ಲಾರಿಡಾದಲ್ಲಿದ್ದೇವೆ. ಇಲ್ಲಿನ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ನಮ್ಮ ಭಾವನವರಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ರಾತ್ರಿ ಆಮ್ಲಜನಕದ ಮಟ್ಟ ಕುಸಿಯುತ್ತಿದ್ದರೂ ಯಾರೂ ಬಂದು ನೋಡಲಿಲ್ಲ. ಮಿದುಳಿಗೆ ಹಾನಿಯಾಯಿತು. ಈಗ ಪ್ರತಿ ತುತ್ತನ್ನೂ ಅಕ್ಕನೇ ತಿನ್ನಿಸಬೇಕು. ಜ್ಯೂರಿ 64 ಲಕ್ಷ ಡಾಲರ್ ಪರಿಹಾರ ಕೊಟ್ಟಿತು, ಆಸ್ಪತ್ರೆ ಮಾತ್ರ 2 ಲಕ್ಷ ಕಟ್ಟಿ ಕೈತೊಳೆದುಕೊಂಡಿದೆ. ಉಳಿದದ್ದಕ್ಕೆ ಶಾಸನಸಭೆ ಮಸೂದೆ ಮಾಡಬೇಕು ಎನ್ನುತ್ತಾರೆ ನಮ್ಮ ವಕೀಲರು. ಒಬ್ಬ ರೋಗಿಗಾಗಿ ಒಂದು ಮಸೂದೆಯೇ?

ಉತ್ತರ: ಹೌದು, ನಿಮ್ಮ ವಕೀಲರು ಹೇಳಿದ್ದು ನಿಜ. ಇಲ್ಲಿ ಅದನ್ನು ಕ್ಲೇಮ್ ಬಿಲ್ ಎನ್ನುತ್ತಾರೆ. ಸರ್ಕಾರದ ಮೇಲೆ ಅದರ ಒಪ್ಪಿಗೆಯಿಲ್ಲದೆ ದಾವೆ ಹೂಡುವಂತಿಲ್ಲ ಎಂಬ ಹಳೆಯ ತತ್ವವನ್ನು ಫ್ಲಾರಿಡಾ ಸ್ವಲ್ಪ ಮಾತ್ರ ಸಡಿಲಿಸಿದೆ. ಕಾನೂನಿನ 768.28ನೇ ಕಲಂ ಪ್ರಕಾರ ಒಬ್ಬರಿಗೆ 2 ಲಕ್ಷ, ಒಂದು ಘಟನೆಗೆ ಒಟ್ಟು 3 ಲಕ್ಷ ಡಾಲರ್ ಮಿತಿ. 2011ರ ಅಕ್ಟೋಬರ್‌ವರೆಗೆ ಇದು 1 ಲಕ್ಷ ಮತ್ತು 2 ಲಕ್ಷವಾಗಿತ್ತು. ಜ್ಯೂರಿ ಎಷ್ಟೇ ಹೇಳಲಿ, ಅದಕ್ಕಿಂತ ಹೆಚ್ಚು ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಭಾರತದಲ್ಲಿ 1996ರಲ್ಲಿಯೇ ಸುಪ್ರೀಂ ಕೋರ್ಟ್, ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಟವೆಲ್ ಬಿಟ್ಟ ಪ್ರಕರಣದಲ್ಲಿ, ಆಸ್ಪತ್ರೆ ನಡೆಸುವುದು ಸಾರ್ವಭೌಮ ಅಧಿಕಾರದ ಕೆಲಸವಲ್ಲ, ಆದ್ದರಿಂದ ಸರ್ಕಾರ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೇಳಿತು. ಅದನ್ನು ಓದಿದ ನನಗೆ ಇಲ್ಲಿನ ಮಿತಿ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಮಸೂದೆಗೆ ಮೊದಲು ಒಂದು ಪ್ರಶ್ನೆ ಕೇಳಿ: ಆಸ್ಪತ್ರೆಗೆ ವಿಮೆ ಎಷ್ಟಿದೆ? ವಿಮೆಯ ಮೊತ್ತದೊಳಗೆ, ತೀರ್ಪು ಬಂದ ಮೇಲೂ, ಶಾಸನಸಭೆಯ ಗೊಡವೆಯಿಲ್ಲದೆ ಆಸ್ಪತ್ರೆ ರಾಜಿಗೆ ಒಪ್ಪಬಹುದು. ಅದೇ ಕಲಂನಲ್ಲಿ ಈ ಅವಕಾಶವಿದೆ. ಬಹಳ ಕುಟುಂಬಗಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಅದು ಆಗದಿದ್ದರೆ ಮಸೂದೆ. ನಿಮ್ಮ ಪರವಾಗಿ ಶಾಸನಸಭೆಯ ಎರಡು ಸದನಗಳಿಂದ ಒಬ್ಬ ಸೆನೆಟರ್, ಒಬ್ಬ ಪ್ರತಿನಿಧಿ ಅದನ್ನು ಮಂಡಿಸಬೇಕು. ಸೆನೆಟ್ ನಿಯಮದಂತೆ ಮುಂದಿನ ಸಾಮಾನ್ಯ ಅಧಿವೇಶನಕ್ಕೆ ಆಗಸ್ಟ್ 1ರೊಳಗೆ ಸಲ್ಲಿಸಬೇಕು. ಆಮೇಲೆ ಸ್ಪೆಷಲ್ ಮಾಸ್ಟರ್ ಎಂಬ ಅಧಿಕಾರಿ ಸಾಕ್ಷ್ಯವನ್ನು ಹೊಸದಾಗಿ ಕೇಳುತ್ತಾರೆ. ಜ್ಯೂರಿಯ ತೀರ್ಪು ಅವರನ್ನು ಕಟ್ಟಿಹಾಕುವುದಿಲ್ಲ, ಅವರ ಶಿಫಾರಸು ಶಾಸಕರನ್ನು ಕಟ್ಟಿಹಾಕುವುದಿಲ್ಲ. ಎರಡೂ ಸದನಗಳು ಒಪ್ಪಿ ಗವರ್ನರ್ ಮುಂದೆ ಹೋಗಬೇಕು. ಅಧಿವೇಶನ 60 ದಿನ. ಅಷ್ಟರಲ್ಲಿ ಮುಗಿಯದಿದ್ದರೆ ಮತ್ತೊಂದು ವರ್ಷ.

ಪ್ರಶ್ನೆ: ತೀರ್ಪಿನ ಪೂರ್ತಿ ಹಣ ಸಿಗುತ್ತದೆಯೇ? ಅಕ್ಕ ಅದನ್ನೇ ನಂಬಿಕೊಂಡಿದ್ದಾಳೆ.

ಉತ್ತರ: ಅಕ್ಕನಿಗೆ ಹಾಗೆ ಭರವಸೆ ಕೊಡಬೇಡಿ. ಇದು ಹಕ್ಕಲ್ಲ, ಶಾಸನಸಭೆಯ ಅನುಗ್ರಹ. ಫ್ಲಾರಿಡಾದ ಲೀ ಕೌಂಟಿಯ ಸಾರ್ವಜನಿಕ ಆಸ್ಪತ್ರೆಯಲ್ಲಿ 1997ರಲ್ಲಿ ಹೆರಿಗೆಯ ವೇಳೆ ಒಂದು ಮಗುವಿನ ಮಿದುಳಿಗೆ ಹಾನಿಯಾಯಿತು. 2007ರಲ್ಲಿ ಜ್ಯೂರಿ ಮಗುವಿಗೆ 2.8 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತು. ಒಂದು ಘಟನೆಗೆ ಆಗಿದ್ದ ಮಿತಿಯಿಂದಾಗಿ ಕೈಗೆ ಬರಬೇಕಾದದ್ದು ಒಟ್ಟು 2 ಲಕ್ಷ. ಮಸೂದೆ ಗೆದ್ದದ್ದು 2012ರಲ್ಲಿ, ಅದೂ 1.5 ಕೋಟಿಗೆ: 1 ಕೋಟಿ ಮೊದಲು, ಉಳಿದದ್ದು ವರ್ಷಕ್ಕೆ 10 ಲಕ್ಷದಂತೆ ಐದು ಕಂತು. ಆ ಹೊತ್ತಿಗೆ ಮಗುವಿಗೆ ಹದಿನಾಲ್ಕು ವರ್ಷ. ಅಷ್ಟು ವರ್ಷ ಆ ತಾಯಿ ಹೇಗೆ ನಡೆಸಿಕೊಂಡು ಬಂದರೋ ಎಂದು ಈ ಪ್ರಕರಣ ನೆನಪಾದಾಗಲೆಲ್ಲ ಅನ್ನಿಸುತ್ತದೆ.

ಆದ್ದರಿಂದ ಆಸ್ಪತ್ರೆಯೊಡನೆ ಮಾತುಕತೆ ನಿಲ್ಲಿಸಬೇಡಿ. ಹಣ ಕೊಡಬೇಕಾದದ್ದು ಆಸ್ಪತ್ರೆಯೇ. ಅದು ಒಂದು ಮೊತ್ತಕ್ಕೆ ಒಪ್ಪಿ ಮಸೂದೆಯನ್ನು ವಿರೋಧಿಸುವುದಿಲ್ಲ ಎಂದು ಬರೆದುಕೊಟ್ಟರೆ ಅರ್ಧ ದಾರಿ ಸವೆದಂತೆ. ಭಾವನವರ ಜೀವಮಾನದ ಆರೈಕೆಗೆ ತಗಲುವ ವೆಚ್ಚವನ್ನು ತಜ್ಞರಿಂದ ಲೆಕ್ಕ ಹಾಕಿಸಿದ್ದರೆ ಅದನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳಿ. ವಿಚಾರಣೆಯಲ್ಲಿ ಕಣ್ಣೀರಿಗಿಂತ ಹೆಚ್ಚು ತೂಗುವುದು ಆ ಕಾಗದ. ಭಾವನವರು ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ವೈದ್ಯಕೀಯ ನೆರವು) ಪಡೆಯುತ್ತಿದ್ದರೆ ಹಣ ವಿಶೇಷ ಅಗತ್ಯಗಳ ಟ್ರಸ್ಟ್‌ಗೆ, ಅಂದರೆ ಅವರ ಆರೈಕೆಗೆಂದೇ ಬೇರೆಯಾಗಿ ಇಡುವ ನಿಧಿಗೆ, ಹೋಗಬೇಕು, ಇಲ್ಲವಾದರೆ ಆ ಸೌಲಭ್ಯ ಕೈತಪ್ಪುವ ಅಪಾಯವಿದೆ.

ಪ್ರಶ್ನೆ: ವಕೀಲರ ಶುಲ್ಕ?

ಉತ್ತರ: ತೀರ್ಪಾದ ಪ್ರಕರಣದಲ್ಲಿ 25 ಶೇಕಡಾಕ್ಕಿಂತ ಹೆಚ್ಚು ಕೇಳುವಂತಿಲ್ಲ. ಲೀ ಕೌಂಟಿಯ ಮಸೂದೆಯಲ್ಲಿ ಶಾಸನಸಭೆ ಶುಲ್ಕವನ್ನು 1 ಲಕ್ಷ ಡಾಲರಿಗೆ ಇಳಿಸಿತ್ತು. ಕಕ್ಷಿದಾರರೂ ವಕೀಲರೂ ಮಾಡಿಕೊಂಡ ಒಪ್ಪಂದವನ್ನು ಹಾಗೆ ಮುರಿಯುವಂತಿಲ್ಲ ಎಂದು 2017ರಲ್ಲಿ ಫ್ಲಾರಿಡಾ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ನಿಮ್ಮ ಒಪ್ಪಂದಪತ್ರದಲ್ಲಿ ಮಸೂದೆಯ ಹಂತದ ಶುಲ್ಕದ ಬಗ್ಗೆ ಏನು ಬರೆದಿದೆ, ಓದಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ಅತ್ತೆಯವರಿಗೂ ಹೀಗೇ ಆಗಿ ಮೂರು ತಿಂಗಳಾಯಿತು. ನಾವು ಇನ್ನೂ ಏನನ್ನೂ ಮಾಡಿಲ್ಲ.

ಉತ್ತರ: ಹಾಗಾದರೆ ನಿಮಗೆ ಗಡಿಯಾರ ಮುಖ್ಯ. ತಪ್ಪು ತಿಳಿದ ದಿನದಿಂದ, ಅಥವಾ ತಿಳಿಯಬೇಕಾಗಿದ್ದ ದಿನದಿಂದ, 2 ವರ್ಷದೊಳಗೆ ಹೆಜ್ಜೆ ಇಡಬೇಕು. ದಾವೆಗೆ ಮೊದಲು ವೈದ್ಯಕೀಯ ತಜ್ಞರೊಬ್ಬರ ಲಿಖಿತ ಅಭಿಪ್ರಾಯದೊಡನೆ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಚಿಕಿತ್ಸೆ ಮಾಡಿದ ವೈದ್ಯರು ಆಸ್ಪತ್ರೆಯ ನೌಕರರೇ, ಹೊರಗಿನಿಂದ ಬಂದ ಖಾಸಗಿ ವೈದ್ಯರೇ ಎಂಬುದನ್ನು ಪತ್ತೆಮಾಡಿಸಿ. ಖಾಸಗಿಯವರಾದರೆ ಅವರಿಗೆ ಈ 2 ಲಕ್ಷದ ರಕ್ಷಣೆ ಸಿಗದೇ ಇರಬಹುದು, ಆಗ ಮಸೂದೆಯ ಮಾತೇ ಬೇಡ. ಇಂದೇ ಪೂರ್ತಿ ಚಿಕಿತ್ಸಾ ದಾಖಲೆಗಾಗಿ ಲಿಖಿತ ಅರ್ಜಿ ಕೊಡಿ. ರಾತ್ರಿ ಪಾಳಿಯ ನರ್ಸ್‌ಗಳ ಟಿಪ್ಪಣಿ, ಮಾನಿಟರ್ ದಾಖಲೆ ಎರಡನ್ನೂ ಹೆಸರಿಸಿ ಕೇಳಿ.