ಅರ್ಧಕ್ಕೇ ನಿಲ್ಲುವ ಮಾಡು: 2006ರ ಎಸ್‌ಎಲ್‌ಕೆ, ಕಾರವಾರದ ಮಳೆ

ಕೋಡಿಬಾಗ ಮಾಸ್ತರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನ ಗಣಿತ ಮಾಸ್ತರ. ಕಾರಿನ ವಿಷಯದಲ್ಲಿ ನನಗಿರುವ ಜ್ಞಾನ ಪೆಟ್ರೋಲ್ ಯಾವ ಬದಿಗೆ ಹಾಕುವುದು ಎಂಬಲ್ಲಿಗೆ ಮುಗಿಯುತ್ತದೆ. ಆದರೂ ಮನೆಯಲ್ಲಿ ಒಂದು ಮರ್ಸಿಡಿಸ್ ಎಸ್‌ಎಲ್‌ಕೆ 200 ಇದೆ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಸೋದರಮಾವ ಮುಂಬಯಿಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಅವನು ತೀರಿಕೊಂಡ ಮೇಲೆ ಅತ್ತೆ ಕೀ ನನ್ನ ಕೈಗಿಟ್ಟು, 'ಅವನ ಜೀವ ಇದರಲ್ಲೇ ಇತ್ತು, ಮಾರಬೇಡ' ಎಂದರು. ಹಾಗಾಗಿ 'ಮಾರಿಬಿಡಿ' ಎಂಬ ಸಲಹೆ ದಯವಿಟ್ಟು ಬೇಡ.

ಎರಡೇ ಸೀಟು, 1.8 ಲೀಟರ್ ಇಂಜಿನ್, ಮೇಲೆ ಮಡಚುವ ತಗಡಿನ ಮಾಡು, ಅಂದರೆ ಛಾವಣಿ. ಸ್ವಿಚ್ ಹಿಡಿದರೆ ಗಾಜುಗಳು ಇಳಿಯಬೇಕು, ಡಿಕ್ಕಿ ಹಿಂದಕ್ಕೆ ಬಾಯಿ ತೆರೆಯಬೇಕು, ಮಾಡು ಎರಡು ಮಡಿಕೆಯಾಗಿ ಅದರೊಳಗೆ ಹೋಗಿ ಕೂರಬೇಕು. ಮೇ ಕೊನೆಯ ತನಕ ಹಾಗೇ ಆಗುತ್ತಿತ್ತು. ಮೊದಲ ಮಳೆ ಬಿದ್ದ ವಾರ ಟಾಗೋರ್ ಕಡಲತೀರದ ಹತ್ತಿರ ಆಯಿಗೆ ಗಾಳಿ ತೋರಿಸೋಣವೆಂದು ತೆರೆದೆ. ಮಾಡು ಎದ್ದು ನಿಂತಿತು, ಮತ್ತೆ ಮೇಲೂ ಇಲ್ಲ ಕೆಳಗೂ ಇಲ್ಲ. ಡಿಕ್ಕಿ ಆಕಾಶ ನೋಡುತ್ತಿದೆ, ಆಯಿ ಒಳಗೆ ಕೊಡೆ ಬಿಚ್ಚಿ ಕೂತಿದ್ದಾಳೆ, ಸುತ್ತ ನನ್ನ ಹತ್ತನೇ ಕ್ಲಾಸಿನ ಹುಡುಗರು ಮೊಬೈಲ್ ಹಿಡಿದು ನಿಂತಿದ್ದಾರೆ. ಆ ವಿಡಿಯೋ ಈಗ ಊರೆಲ್ಲ ತಿರುಗಿದೆ.

ಹತ್ತು ನಿಮಿಷ ಬಿಟ್ಟು ಮತ್ತೆ ಸ್ವಿಚ್ ಎಳೆದಾಗ ಹೇಗೋ ಮುಚ್ಚಿತು. ಆಮೇಲೆ ನಾಲ್ಕು ಸಲ ಪ್ರಯತ್ನಿಸಿದೆ. ಒಮ್ಮೆ ಪೂರ್ತಿ ತೆರೆಯಿತು, ಮೂರು ಸಲ ಅರ್ಧಕ್ಕೇ ನಿಂತಿತು. ಒಳಗೆಲ್ಲ ಬೂಷ್ಟಿನ ವಾಸನೆ. ದೊಡ್ಡ ಊರಿನ ವರ್ಕ್‌ಶಾಪ್ ಒಂದಕ್ಕೆ ಅದೇ ವಿಡಿಯೋ ಕಳಿಸಿದೆ. ಗಾಡಿ ನೋಡದೆಯೇ 'ಹೈಡ್ರಾಲಿಕ್ ಪಂಪ್ ಹೋಗಿದೆ, ಎರಡೂ ಮುಕ್ಕಾಲು ಲಕ್ಷ' ಎಂದರು. ಪಂಪ್ ನಿಜಕ್ಕೂ ಹೋಗಿದ್ದರೆ ಆ ಒಂದು ಸಲ ಹೇಗೆ ತೆರೆಯಿತು? ನನ್ನ ಲೆಕ್ಕಕ್ಕೆ ಇದು ಕೂಡಿಬರುತ್ತಿಲ್ಲ.

ಅಂಕೋಲೆ ಹುಡುಗ:

ಮಾಸ್ತರೇ, ವಿಡಿಯೋ ನಾನೂ ನೋಡಿದೆ, ಆಯಿಯ ಧೈರ್ಯ ಮೆಚ್ಚಬೇಕು. ನಮ್ಮ ಕಡೆ ಒಬ್ಬರ ಗಾಡಿಯ ರಬ್ಬರ್ ಬೀಡಿಂಗ್ ಒಣಗಿ ಮಾಡು ಅಂಟಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ ಸವರಿದ ಮೇಲೆ ಸಲೀಸಾಯಿತು. ಖರ್ಚಿಲ್ಲದ ಕೆಲಸ, ಒಮ್ಮೆ ನೋಡಿ.

ಶಿರಸಿ ವೈರಿಂಗ್:

ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ ಮಾರಾಯ್ರೆ, ಬೀಡಿಂಗಿಗೆ ಬೇಡ. ಮೊದಲ ವಾರ ಮೆತ್ತಗಾದಂತೆ ಕಾಣುತ್ತದೆ, ಆಮೇಲೆ ರಬ್ಬರ್ ಉಬ್ಬಿ ಜಾಗದಲ್ಲಿ ಕೂರುವುದಿಲ್ಲ, ಧೂಳೂ ಹಿಡಿಯುತ್ತದೆ. ಗ್ರೀಸ್, ವ್ಯಾಸಲೀನ್ ಕೂಡ ಹಾಗೇ. ಸಿಲಿಕೋನ್ ಗ್ರೀಸ್ ಸಿಗುತ್ತದೆ, ಬಟ್ಟೆಗೆ ಚೂರು ತಗೊಂಡು ತೆಳ್ಳಗೆ ಒರೆಸಿದರೆ ಸಾಕು.

ಮಾಸ್ತರೇ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ ಎಂದರೆ ಪಂಪ್ ಸತ್ತಿಲ್ಲ. ಅದಕ್ಕೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ, ಇಲ್ಲವೇ ಯಾವುದೋ ಸ್ವಿಚ್ಚು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿದೆ. ನಾನು ಮೂವತ್ತು ವರ್ಷದಿಂದ ವೈರಿಂಗ್ ಮಾಡುತ್ತಿದ್ದೇನೆ, ಬಹುಪಾಲು ಜೀಪು, ಟೆಂಪೋ. ಇಂಥ ಗಾಡಿ ಕೈಗೆ ಸಿಕ್ಕಿದ್ದು ಎರಡೇ. ಆದರೆ ಕರೆಂಟಿಗೆ ಗಾಡಿಯ ಜಾತಿ ಗೊತ್ತಿರುವುದಿಲ್ಲ.

ಮೊದಲು ಡಿಕ್ಕಿಯೊಳಗಿನ ಪರದೆ. ಸಾಮಾನಿಗೂ ಮಾಡಿಗೂ ನಡುವೆ ಎಳೆದು ಸಿಕ್ಕಿಸುವ ಪರದೆ ಇದೆಯಲ್ಲ, ಅದು ಸರಿಯಾಗಿ ಕೂರದಿದ್ದರೆ ಮಾಡು ಹಂದುವುದೇ ಇಲ್ಲ. ಅಲ್ಲೊಂದು ಪುಟ್ಟ ಸ್ವಿಚ್ಚು ಇರುತ್ತದೆ. ನಿಮ್ಮದು ಅರ್ಧದ ತನಕ ಬರುತ್ತದಾದ್ದರಿಂದ ಅದರ ಮೇಲೆ ನನಗೆ ಸಂಶಯ ಕಡಿಮೆ, ಆದರೂ ಎರಡು ನಿಮಿಷದ ಕೆಲಸ.

ಆಮೇಲೆ ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದನ್ನು ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಇಷ್ಟು ನೋಡಿ ಎಲ್ಲರೂ 'ಬ್ಯಾಟರಿ ಸರಿ ಇದೆ' ಎಂದು ಮುಗಿಸುತ್ತಾರೆ. ಅಲ್ಲೇ ಎಡವುವುದು. ಪಂಪು ಭಾರ ಎಳೆಯುತ್ತಿರುವಾಗ ಅಳೆಯಬೇಕು. ಒಬ್ಬರು ಸ್ವಿಚ್ ಹಿಡಿಯಲಿ. ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ, ನಂತರ ಪಂಪಿನ ಎರಡು ವೈರುಗಳ ನಡುವೆ, ಕೊನೆಗೆ ಬ್ಯಾಟರಿಯ ನೆಗೆಟಿವ್‌ಗೂ ಪಂಪಿನ ನೆಗೆಟಿವ್‌ಗೂ ನಡುವೆ. ಕೊನೆಯದ್ದು ಸೊನ್ನೆಯ ಹತ್ತಿರ ಇರಬೇಕು, ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಹಾಳು. ಕಾರವಾರದ ಉಪ್ಪು ಗಾಳಿಗೆ ಮೊದಲ ಬಲಿ ಅದೇ. ಆ ವೈರನ್ನು ಗಾಡಿಯ ಮೈಗೆ ಬೋಲ್ಟ್ ಹಾಕಿದ ಕಡೆ ಹಸಿರು ಬೂದಿ ಕಟ್ಟಿರುತ್ತದೆ.

ಇನ್ನೊಂದು ಮಾತು. ಮಾಡು ಎತ್ತಿ ನಿಂತಿರುವಾಗ ಅದರ ಸಂದಿಗೆ ಕೈ ಹಾಕಬೇಡಿ, ಡಿಕ್ಕಿಗೆ ಗಟ್ಟಿ ಕೋಲು ಆನಿಸದೆ ತಲೆ ಒಳಗೆ ಹಾಕಬೇಡಿ. ಒತ್ತಡ ಇಳಿದರೆ ಮೇಲಿನದು ತಾನಾಗಿ ಕೆಳಗೆ ಬರುತ್ತದೆ. ಮತ್ತೆ ನಡುವೆ ಸಿಕ್ಕಿಕೊಂಡರೆ ಕೀ ತೆಗೆದು ಸ್ವಲ್ಪ ಹೊತ್ತು ಬಿಡಿ, ಆಮೇಲೆ ಇಬ್ಬರು ಎರಡೂ ಬದಿಯಿಂದ ಸಮನಾಗಿ ಹಿಡಿಯಿರಿ. ಒಂದೇ ಬದಿಗೆ ಜೋರು ಮಾಡಿದರೆ ಕೀಲು ಸೊಟ್ಟಾಗುತ್ತದೆ, ಅದಕ್ಕೆ ನನ್ನ ಹತ್ತಿರ ಔಷಧ ಇಲ್ಲ.

ಮತ್ತೆ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ವಾಸನೆ ಬರುತ್ತಿದೆ ಎಂದಿರಲ್ಲ, ಅದಕ್ಕೆ ಕೇಳಿದ್ದು.

ಕೋಡಿಬಾಗ ಮಾಸ್ತರು:

ಗಾಳಿಮರದ ಕೆಳಗೆ. ನೆರಳು ಚೆನ್ನಾಗಿದೆ ಎಂದು ಮಾವ ಅಲ್ಲೇ ನಿಲ್ಲಿಸುತ್ತಿದ್ದ.

ಶಿರಸಿ ವೈರಿಂಗ್:

ಹೋಯ್ತು. ಗಾಳಿಮರದ ಸೂಜಿ ಎಲೆಯಷ್ಟು ಚೆನ್ನಾಗಿ ನೀರಿನ ದಾರಿ ಕಟ್ಟುವುದು ಬೇರೆ ಯಾವುದೂ ಇಲ್ಲ. ಹಿಂಗಾಜಿನ ಕೆಳಗೆ, ಡಿಕ್ಕಿಯ ಅಂಚಿನಲ್ಲಿ, ಮುಂಗಾಜಿನ ಬುಡದಲ್ಲಿ ನೀರು ಇಳಿಯುವ ಓಣಿಗಳಿರುತ್ತವೆ. ಅವು ಕಟ್ಟಿದರೆ ನೀರು ಡಿಕ್ಕಿಯ ಒಳಪದರದ ಹಿಂದೆ ಇಳಿಯುತ್ತದೆ, ವೈರು-ಫ್ಯೂಸು ಇರುವುದೂ ಅಲ್ಲೇ. ಗೊಬ್ಬರವಾದ ಎಲೆಯನ್ನು ಕೈಯಲ್ಲೇ ತೆಗೆಯಿರಿ. ತೂತಿನೊಳಕ್ಕೆ ಕಳೆ ಕೊಚ್ಚುವ ಮಷಿನ್ನಿನ ನೈಲಾನ್ ದಾರ ಹಾಕಿ, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಳ್ಳಿ. ತಂತಿ ಬೇಡ, ಪೈಪ್ ಹರಿಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದಂತೂ ಬೇಡವೇ ಬೇಡ. ಒಳಗೆ ಪೈಪ್ ಕಳಚಿಕೊಂಡರೆ ಮುಂದಿನ ಮಳೆಯೆಲ್ಲ ಸೀಟಿನ ಕೆಳಗೆ. ಆಮೇಲೆ ಒಂದು ಚೊಂಬು ನೀರು ನಿಧಾನ ಹೊಯ್ಯಿರಿ, ಗಾಡಿಯ ಅಡಿಯಲ್ಲಿ ಬೀಳುವುದು ಕಾಣಬೇಕು.

ಹೊನ್ನಾವರ 47:

ಮಾಡಿನ ಗದ್ದಲದಲ್ಲಿ ಇಂಜಿನ್ ಮರೆಯಬೇಡಿ. ನಿಮ್ಮ ಗಾಡಿಯದು 271 ಎಂಬ ಮಾದರಿಯ ಇಂಜಿನ್, ಅದರ ಮುಂಭಾಗಕ್ಕೆ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಹೊಂದಿಸುವ ಎರಡು ಮ್ಯಾಗ್ನೆಟ್ ಇರುತ್ತವೆ. ವಯಸ್ಸಾದಂತೆ ಅವುಗಳೊಳಗಿಂದ ಇಂಜಿನ್ ಆಯಿಲ್ ಜಿನುಗಿ ವೈರಿನ ಒಳಗೇ ಹತ್ತಿಯ ಬತ್ತಿಯಲ್ಲಿ ಏರಿದ ಹಾಗೆ ಏರುತ್ತಾ ಹೋಗುತ್ತದೆ. ಕೊನೆಗೆ ಇಂಜಿನ್ ಕಂಪ್ಯೂಟರ್ ತಲುಪಿದರೆ ನಿಮ್ಮ ಎರಡೂ ಮುಕ್ಕಾಲು ಲಕ್ಷ ಚಿಲ್ಲರೆ ಅನ್ನಿಸೀತು. ಪ್ಲಗ್ ಕಳಚಿ ನೋಡಿ. ಒಣಗಿದ್ದರೆ ಪುಣ್ಯ. ಎಣ್ಣೆ ಇದ್ದರೆ ಮ್ಯಾಗ್ನೆಟ್ ಬದಲಿಸಿ, ನಡುವೆ ಗೇಣುದ್ದದ ಜೋಡುವೈರು ಹಾಕಿಸಿ. ಮುಂದೆ ಸೋರಿದರೂ ಆ ತುಂಡು ಕುಡಿಯುತ್ತದೆ, ಅದನ್ನಷ್ಟೇ ಎಸೆದರಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಸರಪಳಿ ಅಲುಗಿದ ಶಬ್ದ ಬಂದರೆ ಟೈಮಿಂಗ್ ಚೈನ್ ತೋರಿಸದೆ ದೇವಿಮನೆ ಘಟ್ಟ ಹತ್ತಬೇಡಿ.

ಕೋಡಿಬಾಗ ಮಾಸ್ತರು:

ಭಾನುವಾರ ಇಡೀ ಇದೇ ಆಯಿತು. ಮಳೆ ಬಿಟ್ಟದ್ದು ಮೂರೇ ತಾಸು.

ಹಿಂಗಾಜಿನ ಬುಡದಿಂದ ಒಂದು ಬುಟ್ಟಿ ಕಪ್ಪು ಗೊಬ್ಬರ ಬಂತು, ಉತ್ಪ್ರೇಕ್ಷೆ ಅಲ್ಲ. ಆಯಿ ಅದನ್ನು ಮಲ್ಲಿಗೆ ಗಿಡಕ್ಕೆ ಹಾಕಿದಳು. ಬಲಬದಿಯ ತೂತಿನಲ್ಲಿ ದಾರ ಎರಡು ಗೇಣು ಹೋಗಿ ನಿಂತಿತು. ತಿರುಗಿಸಿ ತಿರುಗಿಸಿ ದೂಡಿದ ಮೇಲೆ ಒಮ್ಮೆಲೇ ಭಸಕ್ಕನೆ ನೀರು ಇಳಿಯಿತು. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ತಳದಲ್ಲಿ ಎರಡು ಬೆರಳು ನೀರು.

ಈಗ ಅಂಕಿಗಳು. ನಿಂತಿರುವಾಗ ಬ್ಯಾಟರಿ 12.5. ಸ್ವಿಚ್ ಹಿಡಿದಾಗ ಬ್ಯಾಟರಿಯಲ್ಲಿ 11.7, ಪಂಪಿನಲ್ಲಿ 9.9. ದಾರಿಯಲ್ಲಿ ಕಳೆದುಹೋದದ್ದು 1.8. ಅದರಲ್ಲಿ ನೆಗೆಟಿವ್ ಬದಿಯೊಂದರಲ್ಲೇ 1.5! ಶಿರಸಿಯವರೇ, ಇಷ್ಟು ಚಂದದ ಲೆಕ್ಕ ನಾನು ಹಲಗೆಯ ಮೇಲೂ ಮಾಡಿಸಿಲ್ಲ. ಕಾರ್ಪೆಟ್ಟಿನ ಹಿಂದೆ ಬೋಲ್ಟ್ ಹುಡುಕಿದೆ, ನೀವು ಹೇಳಿದ ಹಸಿರು ಬೂದಿಯೇ. ಬ್ಯಾಟರಿ ಕಳಚಿ, ಬೋಲ್ಟ್ ಬಿಚ್ಚಿ, ಮರಳುಕಾಗದದಲ್ಲಿ ತಗಡು ಹೊಳೆಯುವ ತನಕ ತಿಕ್ಕಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಹಾಕಿಸಿ, ಮೇಲೆ ಗ್ರೀಸ್ ಸವರಿದೆ. ಲಗ್ ಹಾಕಿದ ಹುಡುಗ ಇನ್ನೂರು ರೂಪಾಯಿ ತಗೊಂಡ. ಈಗ ಅದೇ ಅಳತೆ 0.1.

ಇಂಜಿನ್ ಚಾಲೂ ಇಟ್ಟು ಅಂಗಳದಲ್ಲಿ ಆರು ಸಲ ತೆರೆದು ಮುಚ್ಚಿದೆ, ಆರಕ್ಕೆ ಆರೂ ಪಾಸ್. ಕಂಪನಿಯ ಪ್ರಕಾರ 22 ಸೆಕೆಂಡ್, ನನ್ನದು 26. ಹತ್ತೊಂಬತ್ತು ವರ್ಷದ ಗಾಡಿಗೆ ನಾಲ್ಕು ಗ್ರೇಸ್ ಮಾರ್ಕು ಕೊಟ್ಟಿದ್ದೇನೆ. ಕ್ಯಾಮ್ ಮ್ಯಾಗ್ನೆಟ್‌ಗಳಲ್ಲಿ ಒಂದರ ಪ್ಲಗ್ ಒಣಗಿದೆ, ಇನ್ನೊಂದರಲ್ಲಿ ಎಣ್ಣೆಯ ಹೊಳಪು. ಎರಡನ್ನೂ ತರಿಸುತ್ತಿದ್ದೇನೆ, ಜೋಡುವೈರು ಸಹಿತ.

ಒಂದು ಉಳಿದಿದೆ. ಡಿಕ್ಕಿ ಎತ್ತುವ ಎಡಗಡೆಯ ಸಿಲಿಂಡರಿನ ಕೆಳಗೆ ರೂಪಾಯಿ ಅಗಲದ ಎಣ್ಣೆ ಕಲೆ. ಇಲ್ಲಿಯ ಗ್ಯಾರೇಜಿನವ ಬ್ರೇಕ್ ಆಯಿಲ್ ತುಂಬಿಸೋಣ ಎನ್ನುತ್ತಾನೆ.

ಶಿರಸಿ ವೈರಿಂಗ್:

ಅವನನ್ನು ಡಿಕ್ಕಿಯ ಹತ್ತಿರ ಬಿಡಬೇಡಿ! ಬ್ರೇಕ್ ಆಯಿಲ್ ಬಿದ್ದರೆ ಒಳಗಿನ ಸೀಲೆಲ್ಲ ಹಾಳು. ಮ್ಯಾನ್ಯುಯಲ್‌ನಲ್ಲಿ ಬರೆದ ಹೈಡ್ರಾಲಿಕ್ ಆಯಿಲ್ಲೇ ಬೇಕು. ಕಲೆಯ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ, ತಿಂಗಳು ಬಿಟ್ಟು ನೋಡಿ. ಗೆರೆ ದಾಟಿದರೆ ಸಿಲಿಂಡರ್ ಬಿಚ್ಚಿ ಸೀಲ್ ಮಾತ್ರ ಬದಲಿಸಬಹುದು, ಹೊಸ ಸಿಲಿಂಡರೇ ಬೇಕೆಂದಿಲ್ಲ. ಗಾಡಿಯನ್ನು ಆ ಮರದ ಕೆಳಗಿಂದ ಇವತ್ತೇ ತೆಗೆಯಿರಿ.

ಕೋಡಿಬಾಗ ಮಾಸ್ತರು:

ತೆಗೆದೆ. ತೆಂಗಿನ ಮರದ ಕೆಳಗೆ ನಿಲ್ಲಿಸಲು ಹೋದಾಗ ಆಯಿ ಕೂಗಿ ನಿಲ್ಲಿಸಿದಳು. ಸದ್ಯ ಹೆಂಚಿನ ಜಗಲಿಯ ಪಕ್ಕ ಇದೆ, ಪೆನ್ಸಿಲ್ ಗೆರೆ ಹಾಕಿ ತಾರೀಕೂ ಬರೆದಿದ್ದೇನೆ. ಶಿರಸಿಯವರೇ, ನಿಮಗೆ ಮೀನು ಕಳಿಸುವ ಹಾಗಿಲ್ಲ. ಮುಂದಿನ ಮೇ ತಿಂಗಳಲ್ಲಿ ಕರಿ ಈಶಾಡ್ ಮಾವಿನಹಣ್ಣು ಒಂದು ಬುಟ್ಟಿ ಬರುತ್ತದೆ, ವಿಳಾಸ ಕಳಿಸಿ.