ಸಹಾಯ ಬೇಕು: ಮಕ್ಕಳಿಗೆ ಓದಿನ ಗುರಿ ಹೇಗೆ ಇಡೋದು?

ಎಲ್ಲರಿಗೂ ನಮಸ್ಕಾರ. ನಾನು ನಾಲ್ಕನೇ ತರಗತಿಯ ಟೀಚರ್. ಮಕ್ಕಳು ಜಾಸ್ತಿ ಓದಲಿ ಅಂತ ಎರಡು ತಿಂಗಳಿಂದ ಸ್ಟೋರಿವೀವರ್ ಬಳಸುತ್ತಿದ್ದೇನೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಉಚಿತ ಡಿಜಿಟಲ್ ಲೈಬ್ರರಿ ಅದು. ಕನ್ನಡದ ಕಥೆಗಳೂ ಇವೆ, ಓದುವ ಮಟ್ಟ ನೋಡಿ 1ರಿಂದ 4ರವರೆಗೆ ವಿಂಗಡಿಸಿದ್ದಾರೆ.

ತೊಂದರೆ ಇರೋದು ನಾನು ಇಟ್ಟ ಗುರಿಯಲ್ಲಿ. ವಾರಕ್ಕೆ ಐದು ಕಥೆ ಅಂದೆ. ಗೋಡೆಗೆ ಚಾರ್ಟ್ ಹಾಕಿ, ಮುಗಿಸಿದ ಕಥೆಗೊಂದು ನಕ್ಷತ್ರ ಅಂಟಿಸಿದೆ. ಈಗ ಕೆಲವರು ಸುಮ್ನೆ ಪುಟ ಸರಿಸಿ "ಮುಗೀತು ಮಿಸ್" ಅಂತಾರೆ. ಕಥೆಯಲ್ಲಿ ಏನಾಯ್ತು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬಳು ಹುಡುಗಿ ಮಾತ್ರ ಒಂದೇ ಕಥೆಯನ್ನು ನಾಲ್ಕು ಸಲ ಓದಿದಳು. ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು. ಕೊನೇ ಸಲ ತಡವರಿಸದೆ ಓದಿ, ನನ್ನ ಕಡೆ ತಿರುಗಿ ನಕ್ಕಳು. ಚಾರ್ಟಿನಲ್ಲಿ ಅವಳ ಹೆಸರಿನ ಮುಂದೆ ಒಂದೇ ನಕ್ಷತ್ರ. ನನಗೆ ಕರುಳು ಚುರುಕ್ ಅಂತು.

ಕಥೆ ಎಣಿಸೋದು ಬಿಟ್ಟು ದಿನಕ್ಕೆ 15 ನಿಮಿಷ ಅಂತ ಇಡಲೇ? ಒಂದೊಂದು ಮಗುವಿಗೆ ಒಂದೊಂದು ಗುರಿ ಇಟ್ಟವರು ಯಾರಾದ್ರೂ ಇದ್ದೀರಾ? ಓದಿದ್ದನ್ನು ಪರೀಕ್ಷೆ ಅನ್ನಿಸದ ಹಾಗೆ ಹೇಗೆ ಕೇಳುತ್ತೀರಿ? ಸೋಮವಾರ ಆ ಚಾರ್ಟ್ ತೆಗೆಯಬೇಕು ಅಂತಿದ್ದೇನೆ, ಅಷ್ಟರೊಳಗೆ ದಯವಿಟ್ಟು ತಿಳಿಸಿ.